ಕೃಷಿ ಸಹಾಯಧನ: ಯಾರ ಕೈಗೆ, ಯಾವ ದಾರಿಯಿಂದ?



"ನಿಮಗೆ ಎರಡು ಸಾವಿರ ಬಂತಾ?" ಎಂಬ ಪ್ರಶ್ನೆ ನಾಲ್ಕು ತಿಂಗಳಿಗೊಮ್ಮೆ ನಮ್ಮ ಊರುಗಳ ಬಸ್ ತಂಗುದಾಣ, ಹಾಲಿನ ಸೊಸೈಟಿ, ಅಡಿಕೆ ಅಂಗಡಿಗಳಲ್ಲಿ ಕೇಳಿ ಬರುತ್ತದೆ. ಒಬ್ಬರಿಗೆ ಬಂದಿರುತ್ತದೆ, ಪಕ್ಕದ ಮನೆಯವರಿಗೆ ಬಂದಿರುವುದಿಲ್ಲ. ಬಂದವರು ತಮ್ಮ ಅದೃಷ್ಟವೆನ್ನುತ್ತಾರೆ. ಬಾರದವರು ಕೃಷಿ ಭವನವನ್ನೋ ಪಂಚಾಯತು ಮೆಂಬರರನ್ನೋ ದೂರುತ್ತಾರೆ. ವಾಸ್ತವದಲ್ಲಿ ಇದರಲ್ಲಿ ಅದೃಷ್ಟದ ಪಾತ್ರ ಬಹಳ ಕಡಿಮೆ. ಸರಕಾರದ ಹಣ ಕೃಷಿಗೆ ಹಲವು ದಾರಿಗಳಿಂದ ಬರುತ್ತದೆ, ಪ್ರತಿಯೊಂದು ದಾರಿಯಲ್ಲೂ ಒಂದೊಂದು ತಡೆಗೇಟು ಇದೆ. ಯಾವ ಗೇಟಿನಲ್ಲಿ ಯಾವ ಕಾಗದ ಕೇಳುತ್ತಾರೆ, ಅದು ಇಲ್ಲದೆ ಯಾರು ಹೊರಗೆ ಉಳಿಯುತ್ತಾರೆ ಎಂಬುದನ್ನು ಈ ಸಲ ನಮ್ಮ ಕಾಸರಗೋಡು ಜಿಲ್ಲೆಯ ಮಟ್ಟಿಗೆ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಎಲ್ಲರಿಗೂ ಸಿಗುವ, ಆದರೆ ಯಾರ ಕಣ್ಣಿಗೂ ಬೀಳದ ಸಹಾಯಧನದ ಬಗ್ಗೆ ಹೇಳೋಣ. ಅದು ಗೊಬ್ಬರದ ಚೀಲದ ಒಳಗಿದೆ. 45 ಕಿಲೊ ತೂಕದ ಯೂರಿಯಾ ಚೀಲಕ್ಕೆ ನಾವು ಅಂಗಡಿಯಲ್ಲಿ ಕೊಡುವುದು 266 ರೂಪಾಯಿ 50 ಪೈಸೆ. ತೆರಿಗೆ ಮತ್ತು ಬೇವಿನ ಲೇಪದ ಖರ್ಚನ್ನು ಬಿಟ್ಟರೆ ಅದರ ಬೆಲೆ 242 ರೂಪಾಯಿ. ಅದೇ ಚೀಲದ ನಿಜವಾದ ವೆಚ್ಚ ಸುಮಾರು 2,200 ರೂಪಾಯಿ ಎಂದು ಕೇಂದ್ರ ಸರಕಾರ 2023ರಲ್ಲಿ ಹೇಳಿತ್ತು. ಅಂದರೆ ಚೀಲವೊಂದಕ್ಕೆ ಹತ್ತಿರ ಹತ್ತಿರ 1,950 ರೂಪಾಯಿಯನ್ನು ಸರಕಾರ ತಯಾರಕರಿಗೆ ತುಂಬಿ ಕೊಡುತ್ತದೆ. ಈ ಹಣ ನಮ್ಮ ಪಾಸ್‌ಬುಕ್ಕಿಗೆ ಬರುವುದಿಲ್ಲವಾದ್ದರಿಂದ ಇದನ್ನು ನಾವು ಸಬ್ಸಿಡಿಯೆಂದು ಎಣಿಸುವುದೇ ಇಲ್ಲ.

ಈಗ ಒಂದು ಲೆಕ್ಕ ಮಾಡೋಣ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟಾಶ್ ಕೊಡಬೇಕೆಂಬುದು ನಮ್ಮ ಜಿಲ್ಲೆಯಲ್ಲೇ ಕೇಂದ್ರ ಕಚೇರಿಯಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಸಾರಜನಕವನ್ನು ಯೂರಿಯಾದ ಮೂಲಕ ಕೊಡುವುದಾದರೆ ಮರಕ್ಕೆ ಸುಮಾರು 220 ಗ್ರಾಂ ಬೇಕು. 9 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕ್ರೆಗೆ ಸುಮಾರು 540 ಮರ. ಒಟ್ಟು 119 ಕಿಲೊ, ಅಂದರೆ ಎರಡೂವರೆ ಚೀಲಕ್ಕಿಂತ ಚೂರು ಹೆಚ್ಚು ಯೂರಿಯಾ. ಒಂದು ಎಕ್ರೆಯವರಿಗೆ ಈ ಲೆಕ್ಕದಲ್ಲಿ ವರ್ಷಕ್ಕೆ ಐದು ಸಾವಿರ ರೂಪಾಯಿಗೆ ಮಿಕ್ಕಿದ ಸಹಾಯಧನ ಸದ್ದಿಲ್ಲದೆ ಸಿಗುತ್ತದೆ. ಹತ್ತು ಎಕ್ರೆಯವರಿಗೆ ಐವತ್ತು ಸಾವಿರಕ್ಕೆ ಮಿಕ್ಕಿ ಸಿಗುತ್ತದೆ. ಮನೆಯಂಗಳದ ಆಚೆ ಮೂವತ್ತು ಸೆಂಟ್ಸ್ ತೋಟ ಮಾಡಿಕೊಂಡವರಿಗೆ ಒಂದೂವರೆ ಸಾವಿರ. ಕೇರಳದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 2015-16ರ ಕೃಷಿ ಗಣತಿಯ ಪ್ರಕಾರ 0.18 ಹೆಕ್ಟೇರ್, ಅಂದರೆ ಸುಮಾರು 44 ಸೆಂಟ್ಸ್. ಆದ್ದರಿಂದ ನಮ್ಮಲ್ಲಿ ಹೆಚ್ಚಿನವರು ಮೂವತ್ತು ಸೆಂಟ್ಸಿನ ಪಂಗಡಕ್ಕೆ ಹತ್ತಿರವೇ ಹೊರತು ಹತ್ತು ಎಕ್ರೆಯ ಪಂಗಡಕ್ಕಲ್ಲ.

ಚೀಲದ ಸಹಾಯಧನದಲ್ಲಿ ಒಂದು ಒಳ್ಳೆಯ ಗುಣವೂ ಇದೆಯೆನ್ನಬೇಕು. ಅಂಗಡಿಯ ಯಂತ್ರದಲ್ಲಿ ಆಧಾರ್ ಕಾರ್ಡಿನ ನಂಬರು ಹಾಕಿ ಹೆಬ್ಬೆರಳು ಒತ್ತಿದರೆ ಸಾಕು (ಈ ಕ್ರಮ ದೇಶವಿಡೀ ಜಾರಿಗೆ ಬಂದದ್ದು 2018ರಲ್ಲಿ), ಜಾಗ ಯಾರದ್ದೆಂದು ಕೇಳುವುದಿಲ್ಲ. ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುವವರಿಗೂ ಅದೇ ಬೆಲೆ. ನಾವು ಮುಂದೆ ನೋಡಲಿರುವ ಬೇರಾವ ದಾರಿಯಲ್ಲೂ ಇಷ್ಟು ಧಾರಾಳತನ ಕಾಣುವುದಿಲ್ಲ.

ಆದರೆ ಇದೇ ದಾರಿ ನಮ್ಮ ಮಣ್ಣಿಗೆ ಮಾಡಿದ ಅಪಕಾರ ಸಣ್ಣದಲ್ಲ. ಮೇಲೆ ಹೇಳಿದ ಶಿಫಾರಸನ್ನು ಇನ್ನೊಮ್ಮೆ ಓದಿ: ಅಡಿಕೆಗೆ ಸಾರಜನಕಕ್ಕಿಂತ ಪೊಟಾಶ್ ಹೆಚ್ಚು ಬೇಕು. ತೆಂಗಿಗಂತೂ ಇನ್ನೂ ಹೆಚ್ಚು. 2010 ಏಪ್ರಿಲ್ 1ರಿಂದ ಯೂರಿಯಾ ಬಿಟ್ಟು ಉಳಿದ ಗೊಬ್ಬರಗಳಿಗೆ ಸರಕಾರ ಪೋಷಕಾಂಶದ ತೂಕ ನೋಡಿ ನಿಗದಿತ ಮೊತ್ತ ಮಾತ್ರ ಕೊಡುತ್ತಿದೆ. 2024ರ ಮುಂಗಾರಿಗೆ ಪೊಟಾಶಿನ ದರ ಕಿಲೊಗೆ 2 ರೂಪಾಯಿ 38 ಪೈಸೆ ಇತ್ತು. 50 ಕಿಲೊ ಚೀಲದ ಪೊಟಾಶಿನಲ್ಲಿ ಪೋಷಕಾಂಶ 30 ಕಿಲೊ, ಹಾಗಾಗಿ ಸಹಾಯಧನ ಸುಮಾರು 71 ರೂಪಾಯಿ. ಯೂರಿಯಾ ಚೀಲಕ್ಕೆ 1,950, ಪೊಟಾಶ್ ಚೀಲಕ್ಕೆ 71! ಅಂಗಡಿಯಲ್ಲಿ ಯೂರಿಯಾ ಅಗ್ಗವಾಗಿ, ಪೊಟಾಶ್ ದುಬಾರಿಯಾಗಿ ಕಾಣಿಸುವುದು ಇದರಿಂದಲೇ. ಕೈಯಲ್ಲಿ ಹಣ ಕಡಿಮೆಯಿದ್ದವರು ಯೂರಿಯಾ ಒಂದನ್ನೇ ಸುರಿದು ಬರುತ್ತಾರೆ. ಸೋಗೆ ಕಡು ಹಸುರಾಗುತ್ತದೆ, ನೋಡಲು ಚೆಂದ, ಆದರೆ ಮರಕ್ಕೆ ಬೇಕಾದ ಪೊಟಾಶ್ ಸಿಕ್ಕಿರುವುದಿಲ್ಲ. ಸರಕಾರ ಯಾವುದಕ್ಕೆ ಹಣ ಕೊಡುತ್ತದೋ ಅದನ್ನೇ ಮಣ್ಣೂ ಬಯಸುತ್ತದೆಂದು ತಿಳಿಯಬಾರದು. ಮನೆಯ ಬೂದಿ, ಹಟ್ಟಿಗೊಬ್ಬರ, ಸೊಪ್ಪು ಇವುಗಳಿಗೆ ಯಾರೂ ಸಬ್ಸಿಡಿ ಕೊಡುವುದಿಲ್ಲ, ಆದರೆ ಮರಕ್ಕೆ 12 ಕಿಲೊ ಸೊಪ್ಪು, 12 ಕಿಲೊ ಕಂಪೋಸ್ಟು ಎಂಬುದೂ ಅದೇ ಶಿಫಾರಸಿನ ಭಾಗ.

ಇನ್ನು ಎಲ್ಲರಿಗೂ ಗೊತ್ತಿರುವ ಪಿ.ಎಂ. ಕಿಸಾನ್ ಸಮ್ಮಾನ್ ನಿಧಿ. 2019 ಫೆಬ್ರವರಿ 24ರಂದು ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ಮೊದಲಿಗೆ 2 ಹೆಕ್ಟೇರಿಗಿಂತ ಹೆಚ್ಚು ಭೂಮಿಯಿದ್ದವರಿಗೆ ಇರಲಿಲ್ಲ. ಅದೇ ವರ್ಷ ಜೂನ್‌ನಿಂದ ಆ ಮಿತಿಯನ್ನು ತೆಗೆದರು. 2025 ಆಗಸ್ಟ್ 2ರಂದು ಬಿಡುಗಡೆಯಾದ 20ನೆಯ ಕಂತು ದೇಶದ ಸುಮಾರು 9 ಕೋಟಿ 70 ಲಕ್ಷ ಕೃಷಿಕರ ಖಾತೆಗೆ ಹೋಯಿತು. ಇಪ್ಪತ್ತು ಸೆಂಟ್ಸಿನವರಿಗೂ ಇಪ್ಪತ್ತು ಎಕ್ರೆಯವರಿಗೂ ಒಂದೇ ಮೊತ್ತ. ಚೀಲದ ಸಹಾಯಧನಕ್ಕೆ ಹೋಲಿಸಿದರೆ ಇದು ಬಡವರಿಗೆ ಹೆಚ್ಚು ಅನುಕೂಲವಾದದ್ದೆಂದೇ ನಮ್ಮ ಅಭಿಪ್ರಾಯ.

ಆದರೆ ಇಲ್ಲಿಯ ಗೇಟು ಬೇರೆ. ಜಾಗ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಹಣ. ಕುಟುಂಬವೆಂದರೆ ಗಂಡ, ಹೆಂಡತಿ, ಪ್ರಾಯಕ್ಕೆ ಬಾರದ ಮಕ್ಕಳು. ಒಂದು ಕುಟುಂಬಕ್ಕೆ ಒಂದೇ ಸಲ. ನಮ್ಮ ಗಡಿನಾಡಿನಲ್ಲಿ ಪೆರ್ಲದಲ್ಲಿ ಅರ್ಧ ತೋಟ, ಅಡ್ಯನಡ್ಕದಲ್ಲಿ ಅರ್ಧ ತೋಟವಿರುವ ಮನೆಗಳು ಬೇಕಾದಷ್ಟಿವೆ. ಅಂಥವರು ಕೇರಳದಲ್ಲೊಂದು, ಕರ್ನಾಟಕದಲ್ಲೊಂದು ಎಂದು ಎರಡು ಕಡೆ ಪಡೆಯುವಂತಿಲ್ಲ. (2019ರ ಬಳಿಕ ಕೆಲವು ವರ್ಷ ಕರ್ನಾಟಕ ಸರಕಾರ ತನ್ನ ಕೃಷಿಕರಿಗೆ ಇದರ ಮೇಲೆ 4,000 ರೂಪಾಯಿ ಸೇರಿಸಿ ಕೊಡುತ್ತಿದ್ದಾಗ ಈಚೆ ಬದಿಯವರಿಗೆ ಹೊಟ್ಟೆಕಿಚ್ಚಾದದ್ದುಂಟು. ಅದು 2023ರಲ್ಲಿ ನಿಂತಿತು.) ಸಂಸ್ಥೆಗಳ ಹೆಸರಿನ ಭೂಮಿಗೆ ಈ ಹಣ ಇಲ್ಲ. ಆದ್ದರಿಂದ ಇಗರ್ಜಿಯ ತೋಟಕ್ಕಾಗಲಿ, ದೇವಸ್ಥಾನದ ಗದ್ದೆಗಾಗಲಿ, ಮಸೀದಿಯ ತೆಂಗಿನ ಹಿತ್ತಿಲಿಗಾಗಲಿ ಅರ್ಜಿ ಹಾಕಿ ಪ್ರಯೋಜನವಿಲ್ಲ.

ಜಾಗವಿದ್ದೂ ಅರ್ಹರಲ್ಲದವರೂ ಇದ್ದಾರೆ. ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು, ಸರಕಾರಿ ನೌಕರರು ಮತ್ತು ನಿವೃತ್ತರು (ನಾಲ್ಕನೇ ದರ್ಜೆಯವರನ್ನು ಬಿಟ್ಟು), ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರು, ವೃತ್ತಿ ನಡೆಸುತ್ತಿರುವ ವೈದ್ಯರು, ವಕೀಲರು, ಇಂಜಿನಿಯರರು, ಶಾಸಕರು, ಸಂಸದರು. ಆರಂಭದಲ್ಲಿ ಈ ನಿಯಮ ಓದದೆ ಅರ್ಜಿ ಹಾಕಿ ಹಣ ಪಡೆದವರಿಗೆ ಹಿಂದಕ್ಕೆ ಕಟ್ಟಬೇಕೆಂಬ ನೋಟಿಸು ಕೇರಳದಲ್ಲೂ ಬಂದಿದೆ. ನಿಮ್ಮ ಮನೆಯಲ್ಲಿ ಮಾಸ್ಟ್ರೊಬ್ಬರೋ ಟೀಚರೊಬ್ಬರೋ ನಿವೃತ್ತರಾಗಿದ್ದು, ಅವರ ಅಥವಾ ಅವರ ಸಂಗಾತಿಯ ಹೆಸರಿಗೆ ಕಂತು ಬರುತ್ತಿದ್ದರೆ, ನೋಟಿಸಿಗೆ ಕಾಯದೆ ಕೃಷಿ ಭವನಕ್ಕೆ ಹೋಗಿ ವಿಚಾರಿಸುವುದು ಮರ್ಯಾದೆಯ ದಾರಿ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಮಣ್ಣಿನಲ್ಲಿ ದುಡಿಯುವವರು ಒಬ್ಬರು, ಕಾಗದದಲ್ಲಿ ಇರುವವರು ಇನ್ನೊಬ್ಬರು ಆದಾಗ ಸಹಾಯಧನ ಕಾಗದದ ಹಿಂದೆ ಹೋಗುತ್ತದೆ, ಹಾರೆಯ ಹಿಂದೆ ಅಲ್ಲ.

ನಮ್ಮ ಹಿರಿಯರಿಗೆ ಮೂಲಗೇಣಿ, ಚಾಲಗೇಣಿಯ ನೆನಪಿರಬಹುದು. ಕಾಸರಗೋಡು ಆಗ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956 ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1963ರ ಕೇರಳ ಭೂಸುಧಾರಣಾ ಕಾಯ್ದೆಗೆ 1969ರಲ್ಲಿ ಆದ ತಿದ್ದುಪಡಿ 1970 ಜನವರಿ 1ರಿಂದ ಜಾರಿಗೆ ಬಂದು, ಗೇಣಿದಾರರು ತಾವು ಉಳುವ ಭೂಮಿಯ ಒಡೆಯರಾದರು. ಇಂದು ನಮ್ಮಲ್ಲಿ ಹಲವರ ಕೈಯಲ್ಲಿರುವ ಜಾಗಕ್ಕೆ ಆ ಕಾಯ್ದೆಯೇ ಮೂಲ. ಅದೇ ಕಾಯ್ದೆ ಹೊಸದಾಗಿ ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಆದರೆ ಗೇಣಿ ನಿಂತಿದೆಯೇ? ಒಡೆಯರು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇರುತ್ತಾರೆ, ಬಯಲು ಬೀಳು ಬೀಳುವುದು ಬೇಡವೆಂದು ನೆರೆಯವರಿಗೆ ಮಾಡಲು ಬಿಡುತ್ತಾರೆ. ಬಾಳೆ, ತರಕಾರಿ, ಭತ್ತ ಬೆಳೆಯುವವರಲ್ಲಿ ಎಷ್ಟೋ ಮಂದಿ ಇಂದು ಬಾಯಿಮಾತಿನ ಗೇಣಿದಾರರು. ಕಾನೂನಿನ ಭಯದಿಂದ ಒಡೆಯರು ಒಂದು ಚೀಟಿಯನ್ನೂ ಬರೆದು ಕೊಡುವುದಿಲ್ಲ. ಹಾಗೆ, ಗೇಣಿದಾರರ ರಕ್ಷಣೆಗೆ ಬಂದ ಕಾಯ್ದೆಯ ನೆರಳಿನಲ್ಲೇ ಈಗಿನ ಗೇಣಿದಾರರು ಸರಕಾರದ ಲೆಕ್ಕದಲ್ಲಿ ಇಲ್ಲದವರಾಗಿದ್ದಾರೆ. ಗಾಳಿಗೆ ಬಾಳೆ ಮುರಿದು ಬಿದ್ದರೆ ನಷ್ಟ ಅವರದ್ದು, ಕಂತಿನ ಹಣ ದೂರದಲ್ಲಿರುವ ಒಡೆಯರದ್ದು.

ಹೀಗೆಯೇ ಕುಮ್ಕಿಯ ಜಾಗ. ವರ್ಗದ ಬದಿಯ ಕುಮ್ಕಿಯಲ್ಲಿ ಸೊಪ್ಪು ಸವರುವ, ಕಟ್ಟಿಗೆ ತರುವ, ದನ ಮೇಯಿಸುವ ಅನುಕೂಲ ವರ್ಗದಾರರಿಗಿದೆ, ಒಡೆತನ ಸರಕಾರದ್ದು. ಅಲ್ಲಿ ಅಜ್ಜನ ಕಾಲದ ಗೇರು ಮರಗಳೇ ಇದ್ದರೂ ತೀರ್ವೆಯ ರಶೀದಿ ಇಲ್ಲದ್ದರಿಂದ ಆ ಬೆಳೆಗೆ ಸಹಾಯಧನದ ಅರ್ಜಿ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕುಟುಂಬಗಳನ್ನು ತಟ್ಟುವುದು ವಿಧವೆಯರ ವಿಷಯ. ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರು ತೀರಿಹೋಗಿ ಏಳೆಂಟು ವರ್ಷವಾಗಿದೆ. ತೋಟ ನೋಡುವುದು, ಆಳುಗಳಿಗೆ ಸಂಬಳ ಕೊಡುವುದು, ತೀರ್ವೆ ಕಟ್ಟುವುದು ಎಲ್ಲ ಅವರ ಹೆಂಡತಿ. ರಶೀದಿಯಲ್ಲಿ ಮಾತ್ರ ಇಂದಿಗೂ ಯಜಮಾನರ ಹೆಸರು. "ಮಕ್ಕಳೆಲ್ಲ ಸೇರಿದಾಗ ಪಾಲು ಮಾಡಿದರಾಯಿತು" ಎಂದು ಬಿಟ್ಟದ್ದು ಹಾಗೆಯೇ ಉಳಿದಿದೆ. ಇಂಥ ಬಾಯಿಗೆ ಪಿ.ಎಂ. ಕಿಸಾನ್ ಇಲ್ಲ, ಬ್ಯಾಂಕಿನಲ್ಲಿ ಬೆಳೆ ಸಾಲ ಸುಲಭವಲ್ಲ, ಯಂತ್ರದ ಸಬ್ಸಿಡಿಯೂ ಇಲ್ಲ. ದೇಶದಲ್ಲಿ ಮಹಿಳೆಯರು ನಡೆಸುವ ಹಿಡುವಳಿಗಳು 2015-16ರ ಗಣತಿಯಲ್ಲಿ ನೂರಕ್ಕೆ ಸುಮಾರು 14 ಮಾತ್ರ. ತೋಟ ಗದ್ದೆಗಳಲ್ಲಿ ಬಗ್ಗಿ ಕೆಲಸ ಮಾಡುವವರಲ್ಲಿ ಹೆಂಗಸರು ಎಷ್ಟು ಎಂದು ನಮಗೆಲ್ಲ ಗೊತ್ತಿದೆ.

ಇದಕ್ಕೆ ದಾರಿಯಿದೆ. ಉಯಿಲು ಬರೆಯದೆ ತೀರಿಹೋದ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳಿದ್ದರೆ ಆಸ್ತಿಯ ಮೂರನೇ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಪಾಲಾಗುವವರೆಗೆ ಕಾಯಬೇಕೆಂದೂ ಇಲ್ಲ. ಮರಣ ಪ್ರಮಾಣಪತ್ರ, ತಾಲೂಕು ಕಚೇರಿಯಿಂದ ವಾರಸುದಾರರ ಪ್ರಮಾಣಪತ್ರ ಪಡೆದು, ಜಾಗದ ಮೂಲ ದಸ್ತಾವೇಜಿನೊಂದಿಗೆ ವಿಲೇಜ್ ಆಫೀಸಿನಲ್ಲಿ ಪೋಕುವರವಿಗೆ ಅರ್ಜಿ ಕೊಟ್ಟರೆ ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಜಾಗ ದಾಖಲಾಗುತ್ತದೆ, ಹೊಸ ತಂಡಪ್ಪೇರು ನಂಬರು ಸಿಗುತ್ತದೆ. ಪಾಲು ಮಾಡುವ ಮನಸ್ಸಿದ್ದರೆ ಪಾಲುಪತ್ರ ನೋಂದಾಯಿಸಿ ಬೇರೆ ಬೇರೆಯಾಗಿ ಮಾಡಿಸಿಕೊಳ್ಳಬಹುದು. ಪಿ.ಎಂ. ಕಿಸಾನಿನ ಮಾರ್ಗಸೂಚಿಯಲ್ಲಿ 2019 ಫೆಬ್ರವರಿ 1 ಎಂಬ ಗಡುವು ದಿನವೊಂದಿದೆ. ಆ ದಿನ ಯಾರ ಹೆಸರಿನಲ್ಲಿ ಭೂಮಿಯಿತ್ತೆಂದು ನೋಡುತ್ತಾರೆ. ಆದರೆ ಒಡೆಯರ ಮರಣದಿಂದ ವಾರಸುದಾರರಿಗೆ ಬಂದ ಭೂಮಿಗೆ ಈ ಗಡುವು ತಟ್ಟುವುದಿಲ್ಲ. ಇದು ಬಹಳ ಮಂದಿಗೆ ತಿಳಿಯದ ಸಂಗತಿ, ಆದ್ದರಿಂದ ಒತ್ತಿ ಹೇಳುತ್ತಿದ್ದೇವೆ. ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ತೀರಿಹೋದವರ ಖಾತೆಗೆ ಕಂತು ಬರುತ್ತಲೇ ಇದ್ದರೆ ಅದನ್ನು ತೆಗೆದು ಖರ್ಚು ಮಾಡಬೇಡಿ. ಮರಣವನ್ನು ಕೃಷಿ ಭವನಕ್ಕೆ ತಿಳಿಸಿ, ವಾರಸುದಾರರು ಅರ್ಹರಿದ್ದರೆ ಹೊಸದಾಗಿ ಅರ್ಜಿ ಹಾಕಬೇಕು.

ಗಂಡಸರಿಗೊಂದು ಮಾತು. ಬದುಕಿರುವಾಗಲೇ ಜಾಗದಲ್ಲಿ ಸ್ವಲ್ಪವನ್ನು ಹೆಂಡತಿಯ ಹೆಸರಿಗೂ ಮಾಡಿಟ್ಟರೆ ಯಾರ ಮೀಸೆಯೂ ಉದುರುವುದಿಲ್ಲ.

ಹೆಸರು ಸರಿಯಿದ್ದರೂ ಅಕ್ಷರ ಸರಿಯಿಲ್ಲದೆ ತಡೆಯಾಗುವುದು ನಮ್ಮ ಗಡಿನಾಡಿನ ಇನ್ನೊಂದು ಪಾಡು. ನಮ್ಮಲ್ಲಿ ಹಿಂದೆ ಆಧಾರ ಎಂದರೆ ಜಾಗದ ದಸ್ತಾವೇಜು, ಈಗ ಆಧಾರ್ ಎಂದರೆ ಕಾರ್ಡು. ಎರಡರಲ್ಲೂ ಒಬ್ಬರದ್ದೇ ಹೆಸರು ಎರಡು ತರಹ! ಹಳೆಯ ದಸ್ತಾವೇಜು ಕನ್ನಡದಲ್ಲಿ, ತೀರ್ವೆಯ ರಶೀದಿ ಮಲಯಾಳದಲ್ಲಿ, ಬ್ಯಾಂಕಿನ ಪುಸ್ತಕ ಇಂಗ್ಲಿಷಿನಲ್ಲಿ. ಡಿಸೋಜ ಎಂಬುದು ಒಂದು ಕಡೆ ಡಿ ಬೇರೆ ಸೋಜ ಬೇರೆ, ಇನ್ನೊಂದು ಕಡೆ ಸೂಸ. ಶೆಟ್ಟರು, ಭಟ್ಟರು, ಬ್ಯಾರಿ ಬಂಧುಗಳು ಯಾರೂ ಈ ತೊಂದರೆಯಿಂದ ಹೊರತಲ್ಲ. ಕಂಪ್ಯೂಟರು ಕನಿಕರ ತೋರಿಸುವುದಿಲ್ಲ, ಹೊಂದಿಕೆಯಾಗದಿದ್ದರೆ ಕಂತು ನಿಲ್ಲಿಸುತ್ತದೆ. ಆದ್ದರಿಂದ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವಾಗ ಪಕ್ಕದಲ್ಲಿ ಕುಳಿತು ಅಕ್ಷರ ಅಕ್ಷರ ನೋಡಿಕೊಳ್ಳಿ, ಮುದ್ರಿತ ಪ್ರತಿ ಕೇಳಿ ಇಟ್ಟುಕೊಳ್ಳಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಇ-ಕೆವೈಸಿ ಆಗಿದೆಯೇ, ಭೂದಾಖಲೆ ಜೋಡಣೆಯಾಗಿದೆಯೇ ಎಂಬ ಮೂರನ್ನೂ ಕೇಳಬೇಕು. ಕಂತು ನಿಂತವರಲ್ಲಿ ಬಹುಪಾಲು ಮಂದಿಗೆ ಈ ಮೂರರಲ್ಲೊಂದು ಬಾಕಿಯಿರುತ್ತದೆ.

ಮಲಯಾಳ ಓದಲು ಬಾರದ ನಮ್ಮ ಹಿರಿಯರು ಅರ್ಜಿಗೆ ಹೆಬ್ಬೆಟ್ಟು ಒತ್ತಿ ಬರುವುದನ್ನು ಕಾಣುತ್ತೇವೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಇಲ್ಲಿಯ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಕೇಳದವರಿಗೆ ಯಾರೂ ಕೊಡುವುದಿಲ್ಲ. ವಿನಯದಿಂದ, ಆದರೆ ಬಿಡದೆ ಕೇಳಬೇಕು.

ಮುಂದಿನ ದಾರಿ ಬ್ಯಾಂಕಿನದ್ದು. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದ ತನಕದ ಬೆಳೆ ಸಾಲಕ್ಕೆ ಬಡ್ಡಿ ನೂರಕ್ಕೆ 7, ಸಮಯಕ್ಕೆ ಸರಿಯಾಗಿ ಕಟ್ಟಿದವರಿಗೆ 3 ರಿಯಾಯಿತಿ, ಕೊನೆಗೆ ಬೀಳುವುದು 4. ಒಂದು ಲಕ್ಷ ತೆಗೆದುಕೊಂಡವರಿಗೆ ವರ್ಷಕ್ಕೆ 3,000 ರೂಪಾಯಿ ಉಳಿತಾಯ, ಮೂರು ಲಕ್ಷದವರಿಗೆ 9,000. ಸಾಲ ಪಡೆಯುವ ಶಕ್ತಿಯಿದ್ದವರಿಗೆ ಹೆಚ್ಚು ಸಹಾಯಧನವೆಂಬುದು ಇಲ್ಲಿಯೂ ಸತ್ಯ. ಇದರ ವಿಕಾರ ರೂಪವನ್ನು ನಾವು ಕೇರಳದಲ್ಲಿ 2019ರ ತನಕ ಕಂಡಿದ್ದೇವೆ. ಚಿನ್ನ ಅಡವಿಟ್ಟು, ಒಂದು ತೀರ್ವೆಯ ರಶೀದಿ ತೋರಿಸಿ, ಕೃಷಿ ಸಾಲವೆಂದು 4ರ ಬಡ್ಡಿಗೆ ಹಣ ಪಡೆದು ಮದುವೆಗೋ ವ್ಯಾಪಾರಕ್ಕೋ ಬಳಸಿದವರು ಬಹಳ ಮಂದಿ. ಹಾರೆ ಮುಟ್ಟದವರೂ ಕೃಷಿಕರಾದರು! ನಿಜವಾದ ಕೃಷಿಕರಿಗೆ ಸಿಗಬೇಕಾದದ್ದು ಬೇರೆಯವರ ಪಾಲಾಗುತ್ತಿದೆಯೆಂದು ಕೇರಳದ ಆಗಿನ ಕೃಷಿ ಸಚಿವರೇ ಕೇಂದ್ರಕ್ಕೆ ದೂರಿದ್ದರು. 2019 ಅಕ್ಟೋಬರ್‌ನಿಂದ ಬಡ್ಡಿಯ ಸಹಾಯ ಕಿಸಾನ್ ಕ್ರೆಡಿಟ್ ಕಾರ್ಡು ಇದ್ದವರಿಗೆ ಮಾತ್ರವೆಂದಾಯಿತು.

ಗೇಣಿಗೆ ಮಾಡುವವರು ಇಲ್ಲಿ ಕಿವಿಗೊಟ್ಟು ಕೇಳಬೇಕಾದ ವಿಷಯವೊಂದಿದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಈ ಕಾರ್ಡಿಗೆ ಜಾಗದ ಒಡೆಯರು ಮಾತ್ರವಲ್ಲ, ಗೇಣಿದಾರರು, ಬಾಯಿಮಾತಿನ ಗೇಣಿದಾರರು, ಪಾಲಿಗೆ ಬೆಳೆಯುವವರು ಕೂಡ ಅರ್ಹರು. ಸ್ವಸಹಾಯ ಸಂಘಗಳಿಗೂ ಜಂಟಿ ಬಾಧ್ಯತಾ ಗುಂಪುಗಳಿಗೂ ಸಿಗುತ್ತದೆ. ಒಬ್ಬೊಬ್ಬರೇ ಬ್ಯಾಂಕಿಗೆ ಹೋದರೆ ಮ್ಯಾನೇಜರರು ತೀರ್ವೆಯ ರಶೀದಿ ಎಲ್ಲಿ ಎಂದು ಕೇಳುವುದು ಸಹಜ, ನಿಯಮ ತೋರಿಸಿದರೂ ಮನಸ್ಸು ಮಾಡದಿರಬಹುದು. ಗುಂಪಾಗಿ ಹೋದರೆ ಬೇರೆಯೇ ಮಾತು. 1998ರಲ್ಲಿ ಆರಂಭವಾದ ಕುಡುಂಬಶ್ರೀಯ ಸಂಘಕೃಷಿ ಇದಕ್ಕೆ ಒಳ್ಳೆಯ ಉದಾಹರಣೆ. ನಾಲ್ಕರಿಂದ ಹತ್ತು ಮಂದಿ ಹೆಂಗಸರು ಸೇರಿ, ಬೀಳುಬಿದ್ದ ಗದ್ದೆಯನ್ನು ಗೇಣಿಗೆ ಹಿಡಿದು, ಭತ್ತವನ್ನೋ ತರಕಾರಿಯನ್ನೋ ಮಾಡುತ್ತಾರೆ. ಒಬ್ಬರ ಸಾಲಕ್ಕೆ ಉಳಿದವರು ಹೊಣೆ. ಬ್ಯಾಂಕ್ ಸಾಲ, ಬಡ್ಡಿಯಲ್ಲಿ ಸಹಾಯ, ಬೆಳೆದ ವಿಸ್ತೀರ್ಣಕ್ಕೆ ಪ್ರೋತ್ಸಾಹಧನ ಇವೆಲ್ಲ ಗುಂಪಿನ ಖಾತೆಗೆ ಬರುತ್ತವೆ. ಸ್ವಂತ ಜಾಗವಿಲ್ಲದ ಹೆಂಗಸಿಗೆ ಸಹಾಯಧನದ ಗೇಟು ತೆರೆಯುವ ದಾರಿ ನಮಗೆ ಕಂಡಂತೆ ಇದೊಂದೇ. ನಮ್ಮ ವಾರ್ಡುಗಳಲ್ಲಿ ಕುಡುಂಬಶ್ರೀಗೆ ಸೇರಿಯೂ ವಾರದ ಉಳಿತಾಯದ ಆಚೆಗೆ ಹೋಗದ ಕೂಟಗಳು ಹಲವಿವೆ. ಅವು ಈ ಬಗ್ಗೆ ಯೋಚಿಸಬಹುದು.

ಉಳಿದ ಕೆಲವನ್ನು ಬೇಗ ಹೇಳಿ ಮುಗಿಸುತ್ತೇವೆ. ರಬ್ಬರಿಗೆ 2015ರಲ್ಲಿ ಕೇರಳ ಸರಕಾರ ಕಿಲೊಗೆ 150 ರೂಪಾಯಿಯ ಆಧಾರ ಬೆಲೆ ನಿಗದಿ ಮಾಡಿ, ಮಾರುಕಟ್ಟೆ ಬೆಲೆ ಅದಕ್ಕಿಂತ ಇಳಿದಾಗ ವ್ಯತ್ಯಾಸವನ್ನು ಸಣ್ಣ ಬೆಳೆಗಾರರ ಖಾತೆಗೆ ಹಾಕತೊಡಗಿತು. 2021ರಲ್ಲಿ ಅದು 170, 2024ರಲ್ಲಿ 180 ಆಯಿತು. ಬಿಲ್ಲು ಬೆಳೆಗಾರರ ಹೆಸರಿನಲ್ಲಿರುತ್ತದೆ, ಬೆಳಗ್ಗಿನ ಜಾವಕ್ಕೆದ್ದು ಹಾಲು ತೆಗೆಯುವ ಟ್ಯಾಪರರು ಇದರಲ್ಲಿಲ್ಲ. ಭತ್ತದ ಗದ್ದೆಯನ್ನು ಮಣ್ಣು ತುಂಬಿಸದೆ ಉಳಿಸಿಕೊಂಡ ಒಡೆಯರಿಗೆ 2020ರಿಂದ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಲ್ಟಿ ಇತ್ತು, ಆಮೇಲೆ 3,000ಕ್ಕೆ ಏರಿತು. ಇದೂ ಒಡೆಯರಿಗೇ. ಆದರೆ ಇದರಲ್ಲಿ ನ್ಯಾಯವಿದೆ. ಬಯಲು ಉಳಿದರೆ ಸುತ್ತಲಿನ ಬಾವಿಗಳಲ್ಲಿ ನೀರು ಉಳಿಯುತ್ತದೆ, ಅದರ ಪ್ರಯೋಜನ ಊರಿಗೆಲ್ಲ.

ಯಂತ್ರಗಳ ಸಬ್ಸಿಡಿಯಲ್ಲಿ ಸಣ್ಣ ಕೃಷಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ನೂರಕ್ಕೆ 50, ಉಳಿದವರಿಗೆ 40 ಎಂದು ಕೇಂದ್ರದ ಯೋಜನೆಯಲ್ಲಿದೆ. ಕೇಳಲು ಚೆನ್ನಾಗಿದೆ. ಆದರೆ ಪೂರ್ತಿ ಹಣ ಮೊದಲು ಕೈಯಿಂದ ಹಾಕಿ ಯಂತ್ರ ಕೊಂಡು, ಪರಿಶೀಲನೆಯಾದ ಮೇಲೆ ಸಬ್ಸಿಡಿ ಖಾತೆಗೆ ಬರುವ ಕ್ರಮವಿರುವಲ್ಲಿ, ಕೈಯಲ್ಲಿ ಹಣವಿದ್ದವರಿಗೇ ಅದು ಸಿಗುತ್ತದೆ. ಮೂವತ್ತು ಸೆಂಟ್ಸಿನವರು ಪ್ರತಿಯೊಬ್ಬರೂ ಔಷಧಿ ಬಿಡುವ ಪಂಪು ಕೊಳ್ಳುವುದಕ್ಕಿಂತ ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳುವುದು ಲೇಸು. ಕೂಲಿಗೆ ಬಂದು ಮರ ಹತ್ತಿ ಬೋರ್ಡೊ ದ್ರಾವಣ ಬಿಡುವವರಿಗಂತೂ ಮೇಲೆ ಹೇಳಿದ ಯಾವ ದಾರಿಯೂ ಇಲ್ಲ. ಸರಕಾರದ ಸಹಾಯದಿಂದ ತೋಟ ನಡೆಸುವ ನಾವು ಅವರ ಕೈಗವಸು, ಕನ್ನಡಕ, ಮೂಗುಮುಚ್ಚುಗಳ ಖರ್ಚನ್ನಾದರೂ ನೋಡಿಕೊಳ್ಳಬೇಡವೇ?

ಕೊನೆಯದಾಗಿ ಪಂಚಾಯತಿನ ದಾರಿ. 1987ರಿಂದ ಕೇರಳದಲ್ಲಿ ಪಂಚಾಯತಿಗೊಂದರಂತೆ ಕೃಷಿ ಭವನಗಳಿವೆ. 1996ರಲ್ಲಿ ಜನಕೀಯ ಯೋಜನೆ ಆರಂಭವಾದಂದಿನಿಂದ ತೆಂಗಿನ ಗೊಬ್ಬರ, ತರಕಾರಿ ಬೀಜ, ಬಾಳೆಗಡ್ಡೆ, ಕರು ಸಾಕಣೆ, ಬಾವಿ ದುರಸ್ತಿ ಮೊದಲಾದವುಗಳ ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಬೇಕು. ಅರ್ಜಿಯ ಫಾರ್ಮು ಅಲ್ಲಿಯೇ ಹಂಚುತ್ತಾರೆ, ಆದ್ಯತೆಯ ಪಟ್ಟಿಯನ್ನು ಅಲ್ಲಿಯೇ ಓದುತ್ತಾರೆ. ಆ ಹೊತ್ತಿಗೆ ನಮ್ಮಲ್ಲಿ ಎಷ್ಟು ಮಂದಿ ಇರುತ್ತಾರೆ? ಸಹಿ ಹಾಕಿ ಚಾ ಕುಡಿದು ಹೊರಡುವವರು ಹಲವರು, ಬಾರದೆ ಇರುವವರು ಇನ್ನೂ ಹೆಚ್ಚು. ಆಮೇಲೆ "ಅವರವರಿಗೆ ಹಂಚಿಕೊಂಡರು" ಎಂದು ಗೊಣಗುತ್ತೇವೆ. ಪಟ್ಟಿ ಓದುವಾಗ ಎದ್ದು ನಿಂತು, ಇಂಥ ಮನೆಯ ಬಾಯಿ ಒಬ್ಬರೇ ತೋಟ ನೋಡಿಕೊಳ್ಳುತ್ತಿದ್ದಾರೆ, ಅವರ ಹೆಸರೇಕಿಲ್ಲ ಎಂದು ಕೇಳುವ ಹಕ್ಕು ವಾರ್ಡಿನ ಪ್ರತಿಯೊಬ್ಬ ಮತದಾರರಿಗಿದೆ. ಹೆಸರು ಪಟ್ಟಿಗೆ ಸೇರದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಬಹುದು.

ಮುಂದಿನ ಗ್ರಾಮಸಭೆಯ ದಿನ ವಾರ್ಡ್ ಮೆಂಬರರಿಂದ ತಿಳಿದುಕೊಳ್ಳಿ. ಹೋಗುವಾಗ ಈ ವರ್ಷದ ತೀರ್ವೆಯ ರಶೀದಿ, ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ರೇಶನ್ ಕಾರ್ಡು ಇವುಗಳ ಎರಡೆರಡು ನಕಲು ಜತೆಗಿರಲಿ. ತೀರ್ವೆಯ ರಶೀದಿಯಲ್ಲಿ ತೀರಿಹೋದವರ ಹೆಸರಿದ್ದರೆ, ಅದಕ್ಕೂ ಮೊದಲು ಒಂದು ದಿನ ವಿಲೇಜ್ ಆಫೀಸಿಗೆ ಹೋಗಿ ಬನ್ನಿ.